ದಾಯಾದಿಗಳ ಗೌರವ



ಸಾರ್ವಜನಿಕ ಜೀವನದ ನೀತಿಗೆ ಸಂಬಂಧಪಟ್ಟ ಯಾವುದಾದರೊಂದು ವಿಷಯವನ್ನು ಕುರಿತು ವರ್ಷಕ್ಕೊಂದು ಉಪನ್ಯಾಸ ನಡೆಯತಕ್ಕದ್ದೆಂದು ದತ್ತಿಪತ್ರದಲ್ಲಿ ವಿಧಿಸಿದೆಯೆಂಬುದಾಗಿ ಕಾರ್ಯದರ್ಶಿಗಳು ತಿಳಿಸಿದಾಗ, ನೀತಿಯನ್ನು ಉಪದೇಶಿಸುವ ಯೋಗ್ಯತೆಯಾಗಲಿ ಉತ್ಸಾಹವಾಗಲಿ ನನ್ನಲ್ಲಿ ಇಲ್ಲವಾದುದರಿಂದ, ಉಪದೇಶದ ಬದಲಿಗೆ ಒಂದು ಕಥೆಯನ್ನು ಹೇಳಲು ಅಪ್ಪಣೆಯಾಗಬೇಕೆಂದು ಬೇಡಿಕೊಂಡೆನು. ಅವರು ಉದಾರವಾಗಿ ಒಪ್ಪಿದರು. ಬಾಲ ಗಂಗಾಧರ ತಿಲಕರೂ ಗೋಪಾಲ ಕೃಷ್ಣ ಗೋಖಲೆಯವರೂ ಒಂದೇ ಊರಿನಲ್ಲಿ, ಒಂದೇ ಕಾಂಗ್ರೆಸ್ ಮಹಾಸಭೆಯೊಳಗೆ, ಕಾಲು ಶತಮಾನದಷ್ಟು ಕಾಲ ಒಬ್ಬರನ್ನೊಬ್ಬರು ಹೇಗೆ ಎದುರಿಸಿದರು, ಎದುರಿಸುತ್ತಲೇ ಒಬ್ಬರಿಗೊಬ್ಬರು ಏನನ್ನು ಸಲ್ಲಿಸಿದರು ಎಂಬುದೇ ಆ ಕಥೆ.

ಹೊರಗಿನ ಶತ್ರುವಿನ ಮೇಲಣ ವೈರ ಒಂದು ಬಗೆ, ಒಳಗಿನವನ ಮೇಲಣ ವೈರ ಇನ್ನೊಂದು ಬಗೆ ಎಂಬುದನ್ನು ನಮ್ಮ ಜನ ಯಾವ ಶಾಸ್ತ್ರವನ್ನೂ ಓದದೆ ಬಲ್ಲರು. 'ದಾಯಾದಿ' ಎಂಬ ಶಬ್ದಕ್ಕೆ ಪಿತ್ರಾರ್ಜಿತದಲ್ಲಿ ಪಾಲುಳ್ಳವನೆಂಬುದಕ್ಕಿಂತ ಹೆಚ್ಚಿನ ಅರ್ಥವನ್ನು ಕೋಶಗಳು ಕೊಡವು. ಆದರೂ ಹಳ್ಳಿಯ ಜಗಲಿಯ ಮೇಲೆ ಕುಳಿತು ಆ ಮಾತನ್ನಾಡಿದರೆ ಕೇಳುವವನಿಗೆ ಮೊದಲು ತೋರುವುದು ನೆಂಟತನವಲ್ಲ, ಬದುವಿನ ಜಗಳ. ಪರಕೀಯನು ನಮ್ಮಿಂದ ಕಿತ್ತುಕೊಳ್ಳಬಲ್ಲನೇ ಹೊರತು ನಾವೇ ಆಗಿ ನಿಲ್ಲಲಾರನು. ದಾಯಾದಿಯಾದರೋ ನಮ್ಮ ಹೆಸರನ್ನೇ ಹೇಳಿಕೊಂಡು, ನಮ್ಮ ದೇವರನ್ನೇ ಪೂಜಿಸಿ, ನಮ್ಮ ಹಿರಿಯರ ಆಸ್ತಿಗೆ ನಾವಲ್ಲ ತಾನು ನಿಜವಾದ ವಾರಸುದಾರನೆಂದು ಸಾಧಿಸಬಲ್ಲನು. ರಾಜಕೀಯ ಪಕ್ಷವೂ ಒಂದು ಅವಿಭಕ್ತ ಕುಟುಂಬವೇ ಆಗಿರುವುದರಿಂದ, ಅದರೊಳಗಿನ ಮತ್ಸರಕ್ಕೆ ಇದಿರು ಪಕ್ಷದವರ ಮೇಲಣ ರೋಷದಲ್ಲಿ ಕಾಣದ ಒಂದು ಒಳಗಾವು ಉಂಟು.

ಭಾರತದ ಕಥೆಯಲ್ಲಿಯೂ ಅತ್ಯಂತ ತೀಕ್ಷ್ಣವಾದ ಮಾತುಗಳು ಕೌರವರಿಗೂ ಪಾಂಡವರಿಗೂ ನಡುವೆ ನಡೆದವುಗಳಲ್ಲ. ಒಂದೇ ಪಾಳೆಯದ ಭೀಷ್ಮನಿಗೂ ಕರ್ಣನಿಗೂ ನಡುವೆ ನಡೆದವು. ಮುದುಕನಿಗೆ ಪಟ್ಟ ಕಟ್ಟಿದರೆಂದು ಕರ್ಣನು ಸಭೆಯಲ್ಲಿ ಹೀಗಳೆದುದನ್ನೂ, ಆತನು ಬೀಳುವತನಕ ತಾನು ಆಯುಧವನ್ನು ಮುಟ್ಟುವುದಿಲ್ಲವೆಂದು ಶಪಥಗೈದುದನ್ನೂ, ಕಡೆಗೆ ಶರಶಯ್ಯೆಯ ಬಳಿಗೆ ಒಬ್ಬನೇ ಹೋಗಿ ಅದೇ ಮುದುಕನ ಕಾಲಿಗೆ ಎರಗಿದುದನ್ನೂ ನಮ್ಮ ಪಂಪನು ಎಂತಹ ತನ್ಮಯತೆಯಿಂದ ಚಿತ್ರಿಸಿದ್ದಾನೆಂಬುದನ್ನು ಈ ಸಭೆಗೆ ನಾನು ನೆನಪುಮಾಡಬೇಕಾಗಿಲ್ಲ. ಕರ್ಣನು ಅಂದು ಎರಗಿದುದು ಪಶ್ಚಾತ್ತಾಪದಿಂದ ಎಂದು ಕೆಲವರು ಹೇಳುತ್ತಾರೆ. ನನಗೆ ಹಾಗೆ ತೋರುವುದಿಲ್ಲ. ಆತನು ತನ್ನ ಅಭಿಪ್ರಾಯವನ್ನು ಬದಲಾಯಿಸಿಕೊಂಡವನಲ್ಲ. ಬಿದ್ದವನ ತೂಕ ಎಷ್ಟೆಂಬುದು ಆತನಿಗೆ ಮೊದಲಿನಿಂದಲೂ ತಿಳಿದಿತ್ತು.

ಈ 'ತೂಕ ತಿಳಿದಿರುವುದು' ಎಂಬುದನ್ನು ಸ್ವಲ್ಪ ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಪ್ರಾರ್ಥಿಸುತ್ತೇನೆ. ದ್ವೇಷವೂ ತಿರಸ್ಕಾರವೂ ಒಂದೇ ಎಂದು ಸಾಮಾನ್ಯವಾಗಿ ನಾವು ಭಾವಿಸುತ್ತೇವೆ. ದ್ವೇಷಕ್ಕೆ ಎದುರಾಳಿಯು ಕಣ್ಣಮುಂದೆ ಇರಬೇಕು. ತಿರಸ್ಕಾರವು ಅವನನ್ನು ಇಲ್ಲವೆನ್ನಿಸಿಬಿಡುತ್ತದೆ. ತಿಲಕರಿಗೂ ಗೋಖಲೆಯವರಿಗೂ ನಡುವೆ ದ್ವೇಷವಿರಲಿಲ್ಲವೆಂದು ಜಯಂತಿಗಳ ದಿನ ವೇದಿಕೆಯ ಮೇಲೆ ಹೇಳುವ ಮಾತು ಮಂಗಳಕರವಾದುದು, ಆದರೆ ಸುಳ್ಳು. ದ್ವೇಷವಿತ್ತು. ಕೆಲವು ವೇಳೆ ಅದು ಕ್ಷುದ್ರವಾಗಿಯೂ ಇತ್ತು. ಇಲ್ಲದಿದ್ದುದು ತಿರಸ್ಕಾರ, ಅದು ಏಕೆ ಇರಲಿಲ್ಲವೆಂಬುದಕ್ಕೆ ಕಾರಣವನ್ನು ಅವರ ದೊಡ್ಡತನದಲ್ಲಿ ಅಲ್ಲ, ತಿಂಗಳಿಗೆ 75 ರೂಪಾಯಿಯ ಒಂದು ಸಂಬಳದಲ್ಲಿ ಹುಡುಕಬೇಕೆಂದು ನನ್ನ ಎಣಿಕೆ.

ಇಬ್ಬರೂ ಕೊಂಕಣದ ರತ್ನಾಗಿರಿ ಸೀಮೆಯವರು, ಇಬ್ಬರೂ ಚಿತ್ಪಾವನ ಮನೆತನದವರು. ತಿಲಕರು ಹುಟ್ಟಿದುದು 1856ರಲ್ಲಿ, ಗೋಖಲೆಯವರು 1866ರಲ್ಲಿ. ಹತ್ತು ವರ್ಷಗಳ ಅಂತರ, ಎಂದರೆ ಅಣ್ಣ ತಮ್ಮಂದಿರ ಅಂತರ. ಗೋಖಲೆಯವರು ಬಾಲ್ಯದಲ್ಲಿ ಓದಿದ ಕಾಗಲ್ ನಮ್ಮ ನಿಪ್ಪಾಣಿಯಿಂದ ಕೊಲ್ಲಾಪುರಕ್ಕೆ ಹೋಗುವ ದಾರಿಯಲ್ಲಿಯೇ ಇದೆ. ತಂದೆ ತೀರಿಕೊಂಡ ಮೇಲೆ ಅವರ ಅಣ್ಣನು ತನಗೆ ಬರುತ್ತಿದ್ದ 15 ರೂಪಾಯಿಗಳಲ್ಲಿ 8 ರೂಪಾಯಿಗಳನ್ನು ತಮ್ಮನ ವಿದ್ಯಾಭ್ಯಾಸಕ್ಕೆಂದು ಕಳುಹಿಸುತ್ತಿದ್ದನೆಂಬುದನ್ನು ಅವರ ಚರಿತ್ರವನ್ನು ಬರೆದವರೆಲ್ಲರೂ ಹೇಳುತ್ತಾರೆ. ತಿಲಕರ ಮನೆಯಲ್ಲಿ ಅಷ್ಟು ಕಷ್ಟವಿರಲಿಲ್ಲ. ಆದರೆ ವಕೀಲಿಯನ್ನು ಓದಿಯೂ ಆ ವೃತ್ತಿಯಿಂದ ಬರಬಹುದಾದ ಹಣವನ್ನು ಬೇಡವೆಂದು ಬಿಟ್ಟು, ಗೆಳೆಯ ಗೋಪಾಲ ಗಣೇಶ ಆಗರಕರರೊಡನೆ ವಿದ್ಯಾರ್ಥಿನಿಲಯದ ರಾತ್ರಿಗಳಲ್ಲಿ ಮಾಡಿಕೊಂಡ ಸಂಕಲ್ಪದಂತೆ, ಮಾಸ್ತರಿಕೆಯನ್ನು ವರಿಸಿದವರು ಅವರು. 1880ರಲ್ಲಿ ವಿಷ್ಣುಶಾಸ್ತ್ರಿ ಚಿಪಳೂಣಕರರ ಮುಂದಾಳುತನದಲ್ಲಿ ನ್ಯೂ ಇಂಗ್ಲಿಷ್ ಸ್ಕೂಲು, ಮರುವರ್ಷ 'ಕೇಸರಿ' ಮತ್ತು 'ಮರಾಠಾ' ಪತ್ರಿಕೆಗಳು, 1884ರಲ್ಲಿ ಡೆಕ್ಕನ್ ಎಜುಕೇಶನ್ ಸೊಸೈಟಿ, 1885ರಲ್ಲಿ ಫರ್ಗ್ಯುಸನ್ ಕಾಲೇಜು. ಆ ವರ್ಷವೇ ಹದಿನೆಂಟು ದಾಟಿದ ಗೋಖಲೆಯವರು ಶಾಲೆಗೆ ಉಪಾಧ್ಯಾಯರಾಗಿ ಬಂದರು. ಮುಂದಿನ ವರ್ಷ ಸಂಸ್ಥೆಯ ಆಜೀವ ಸದಸ್ಯರಾದರು.

ಆಜೀವ ಸದಸ್ಯನೆಂದರೆ ಇಪ್ಪತ್ತು ವರ್ಷ ಸಂಸ್ಥೆಗಾಗಿ ದುಡಿಯುವುದಾಗಿ ಮಾತುಕೊಟ್ಟವನು. ಅವನ ವೇತನ ತಿಂಗಳಿಗೆ 75 ರೂಪಾಯಿ, ಸರ್ಕಾರದ ನೌಕರಿಯಲ್ಲಿ ಅದೇ ವಿದ್ಯೆಗೆ ಅದರ ಎರಡರಷ್ಟು ಮೂರರಷ್ಟು ದೊರೆಯುತ್ತಿದ್ದ ಕಾಲದಲ್ಲಿ. ಇಂಥ ವ್ರತವನ್ನು ಹಿಡಿದವರು ಒಬ್ಬರನ್ನೊಬ್ಬರು ಚೆನ್ನಾಗಿ ಅರಿತುಕೊಳ್ಳುತ್ತಾರೆ. ಏಕೆಂದರೆ ಯಾರ ಮನೆಯಲ್ಲಿ ತಿಂಗಳ ಕೊನೆಯ ವಾರ ಹೇಗೆ ಕಳೆಯುತ್ತದೆಂಬುದು ಎಲ್ಲರಿಗೂ ಗೊತ್ತು. ಮುಂದೆ ತಿಲಕರ ಪಕ್ಷದವರು ಗೋಖಲೆಯವರನ್ನು ಸರ್ಕಾರದ ಕೃಪೆಗೆ ಹಂಬಲಿಸುವವರೆಂದು ಜರೆದಾಗಲೂ, ಗೋಖಲೆಯವರ ಕಡೆಯವರು ತಿಲಕರನ್ನು ಜನಪ್ರಿಯತೆಯ ಲೋಭಿಯೆಂದಾಗಲೂ, ಆ ಇಬ್ಬರು ಮಾತ್ರ ಅಂತರಂಗದಲ್ಲಿ ಈ ಮಾತನ್ನು ನಂಬಲಾಗದವರಾಗಿದ್ದರು. ಬಿಟ್ಟುಬಂದುದು ಎಷ್ಟೆಂಬುದರ ಲೆಕ್ಕ ಒಬ್ಬರಿಗೊಬ್ಬರಿಗೆ ಕಾಸಿನ ಮಟ್ಟಿಗೆ ತಿಳಿದಿತ್ತು. ಅಂದಹಾಗೆ ತಿಲಕರು ಕಲಿಸುತ್ತಿದ್ದುದು ಗಣಿತವನ್ನು. ಗೋಖಲೆಯವರು ಬರೆದ ಶಾಲಾಪಾಠದ ಅಂಕಗಣಿತವು ಬಹುಕಾಲ ನಮ್ಮ ದೇಶದ ಹುಡುಗರನ್ನು ಕಾಡಿತು. ಲೆಕ್ಕದ ಮಾತು ಇಬ್ಬರಿಗೂ ಹೊಸದಲ್ಲ.

ಜಗಳ ಮೊದಲಾದುದೂ ಇದೇ ಲೆಕ್ಕದಿಂದ. ಸದಸ್ಯನಾದವನು ಸಂಸ್ಥೆಯ ಹೊರಗೆ ಬೇರೆ ಸಂಪಾದನೆಯನ್ನಾಗಲಿ ಬೇರೆ ಹೊಣೆಯನ್ನಾಗಲಿ ಕೈಗೊಳ್ಳಕೂಡದೆಂದು ತಿಲಕರು ಪಟ್ಟುಹಿಡಿದರು. ಜೆಸ್ಯೂಟ್ ಪಾದ್ರಿಗಳಂತೆ ಸಂಪೂರ್ಣ ತ್ಯಾಗಿಗಳಾಗಿರಬೇಕೆಂಬುದು ಅವರ ಆದರ್ಶವಾಗಿತ್ತು. ಸಂಸಾರಸ್ಥರಾದ ಇತರರು ಇದನ್ನು ಒಪ್ಪಲಿಲ್ಲ. ಇದರೊಡನೆ ಸಮಾಜಸುಧಾರಣೆಯ ಭಿನ್ನಾಭಿಪ್ರಾಯವೂ ಬೆರೆಯಿತು. ಆಗರಕರರು 'ಕೇಸರಿ'ಯನ್ನು ತೊರೆದು 1888ರಲ್ಲಿ 'ಸುಧಾರಕ'ವನ್ನು ಆರಂಭಿಸಿದಾಗ ಅದರ ಇಂಗ್ಲಿಷ್ ಭಾಗವನ್ನು ನೋಡಿಕೊಂಡವರು ಗೋಖಲೆ. ಕಡೆಗೆ ಗೋಖಲೆಯವರು ಪುಣೆಯ ಸಾರ್ವಜನಿಕ ಸಭೆಯ ಕಾರ್ಯದರ್ಶಿತ್ವವನ್ನು ವಹಿಸಿಕೊಂಡುದೇ ನೆಪವಾಗಿ ಮಾತು ಬೆಳೆದು, 1890ರ ಕೊನೆಯಲ್ಲಿ ತಿಲಕರು ತಾವು ಕಟ್ಟಿದ ಸಂಸ್ಥೆಯನ್ನೇ ಬಿಟ್ಟು ಹೊರಟರು. ಕಿರಿಯನೊಬ್ಬನು ಬಂದ ಆರು ವರ್ಷಗಳೊಳಗೆ ಹಿರಿಯನು ತನ್ನ ಮನೆಯಿಂದಲೇ ಹೊರಬಿದ್ದಂತಾಯಿತು. ನಾನು ತಿಲಕರ ಪಕ್ಷಪಾತಿಯಲ್ಲ. ಆದರೂ ಈ ಘಟ್ಟದಲ್ಲಿ ಅವರ ನೋವನ್ನು ಮರೆತು ಮುಂದಿನದನ್ನು ಅಳೆಯಹೊರಟರೆ ಅನ್ಯಾಯವಾದೀತು.

1891ರ ಸಮ್ಮತಿವಯಸ್ಸಿನ ಮಸೂದೆಯ ರಂಪವನ್ನಾಗಲಿ, 1895ರಲ್ಲಿ ತಿಲಕರ ಪಕ್ಷವು ಸಾರ್ವಜನಿಕ ಸಭೆಯನ್ನು ಕೈವಶಮಾಡಿಕೊಂಡುದನ್ನಾಗಲಿ, ಅದೇ ವರ್ಷ ಪುಣೆಯ ಕಾಂಗ್ರೆಸ್ ಚಪ್ಪರದಲ್ಲಿ ಸಾಮಾಜಿಕ ಪರಿಷತ್ತಿಗೆ ಎಡೆಗೊಡಬೇಕೇ ಬೇಡವೇ ಎಂಬ ಜಗಳದಲ್ಲಿ ಸಮಾಜಸುಧಾರಕರಾದ ರಾನಡೆಯವರು ತಾವೇ ಹಿಂಜರಿದು ಪರಿಷತ್ತನ್ನು ಬೇರೆಡೆ ನಡೆಸಿದುದನ್ನಾಗಲಿ ಇಲ್ಲಿ ವಿಸ್ತರಿಸುವುದಿಲ್ಲ. ರಾನಡೆಯವರು ಮರುವರ್ಷ ಡೆಕ್ಕನ್ ಸಭಾ ಎಂಬ ಬೇರೆ ಸಂಸ್ಥೆಯನ್ನು ಕಟ್ಟಿದರು, ಗೋಖಲೆಯವರು ಅದರ ಕಾರ್ಯದರ್ಶಿಯಾದರು. ಒಂದೇ ಊರಿಗೆ ಎರಡು ಸಭೆಗಳಾದುವು. 1896ರಲ್ಲಿ ದಕ್ಷಿಣ ಆಫ್ರಿಕದಿಂದ ಬಂದ ಗಾಂಧಿ ಎಂಬ ತರುಣ ಬ್ಯಾರಿಸ್ಟರನು ಅಲ್ಲಿನ ಭಾರತೀಯರ ಕಷ್ಟಗಳನ್ನು ಹೇಳಿಕೊಳ್ಳಲು ಪುಣೆಗೆ ಹೋದಾಗ, ಎರಡೂ ಪಕ್ಷಗಳವರನ್ನು ಕಾಣಬೇಕಾದುದು ಸರಿಯೇ, ಆದರೆ ಅಧ್ಯಕ್ಷತೆಗೆ ಯಾವ ಪಕ್ಷಕ್ಕೂ ಸೇರದ ವಿದ್ವಾಂಸ ಭಾಂಡಾರಕರರನ್ನು ಒಪ್ಪಿಸಬೇಕೆಂದು ಬುದ್ಧಿ ಹೇಳಿದವರು ತಿಲಕರು. ಗಾಂಧಿಯವರು ಅಲ್ಲಿಂದ ಗೋಖಲೆಯವರಲ್ಲಿಗೂ ಹೋದರು. ತಿಲಕರು ಸಮುದ್ರದಂತೆ, ಗೋಖಲೆಯವರು ಗಂಗೆಯಂತೆ ತೋರಿದರೆಂದು ಆತ್ಮಕಥೆಯಲ್ಲಿ ನೆನೆದುಕೊಂಡರು. ಸಭೆ ನಿರ್ವಿಘ್ನವಾಗಿ ನಡೆಯಿತು. ಮನೆಗೆ ಬಂದ ಪರಸ್ಥಳದ ಅತಿಥಿಯ ಎದುರಿಗೆ ದಾಯಾದಿಗಳು ಜಗಳವಾಡಲಿಲ್ಲವೆಂದಾದರೆ ಮನೆತನ ಇನ್ನೂ ಪೂರ್ತಿ ಕೆಟ್ಟಿಲ್ಲವೆಂದು ಅರ್ಥ.

ಆಗರಕರರ ವಿಷಯವಾಗಿ ಒಂದು ಮಾತು. ಕೊಲ್ಲಾಪುರದ ದಿವಾನನ ಮೇಲೆ ಬರೆದುದಕ್ಕಾಗಿ 1882ರಲ್ಲಿ ತಿಲಕರೂ ಅವರೂ ಡೋಂಗರಿಯ ಸೆರೆಮನೆಯಲ್ಲಿ 101 ದಿನ ಒಟ್ಟಿಗೆ ಕಳೆದವರು. ಅನಂತರ ಅವರಿಬ್ಬರ ನಡುವೆ ಹುಟ್ಟಿದ ವೈರ, ಪತ್ರಿಕೆಗಳಲ್ಲಿ ಅವರು ಪರಸ್ಪರ ಬಳಸಿದ ಭಾಷೆ, ಇಂದಿಗೂ ಓದುವವರಿಗೆ ನಾಚಿಕೆಯನ್ನುಂಟುಮಾಡುವಂಥದು. 1895ರ ಜೂನಿನಲ್ಲಿ ಆಗರಕರರು ತೀರಿಕೊಂಡಾಗ, 'ಕೇಸರಿ'ಗೆ ಮರಣಲೇಖನವನ್ನು ಹೇಳಿ ಬರೆಯಿಸುತ್ತ ತಿಲಕರು ಅತ್ತರೆಂದು ಬಲ್ಲವರು ಹೇಳುತ್ತಾರೆ. ಇಪ್ಪತ್ತು ವರ್ಷಗಳ ಬಳಿಕ ಅವರು ಮತ್ತೊಮ್ಮೆ ಇಂಥದೇ ಲೇಖನವನ್ನು ಬರೆಯಬೇಕಾಯಿತು, ಅದು ಮುಂದೆ ಬರುತ್ತದೆ.

1897ರ ವರ್ಷದ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. ಪುಣೆಯಲ್ಲಿ ಪ್ಲೇಗು, ರೋಗಿಗಳನ್ನು ಹುಡುಕಲೆಂದು ಮನೆಮನೆಗಳನ್ನು ಹೊಕ್ಕ ಗೋರಾ ಸಿಪಾಯಿಗಳ ಹಾವಳಿ. ಗೋಖಲೆಯವರು ಆಗ ವೆಲ್ಬಿ ಆಯೋಗದ ಮುಂದೆ ಸಾಕ್ಷ್ಯ ನುಡಿಯಲು ಇಂಗ್ಲೆಂಡಿನಲ್ಲಿದ್ದರು. ದೇಶದ ಹಣಕಾಸನ್ನು ಕುರಿತು ಅವರು ಅಲ್ಲಿ ನುಡಿದುದು ಬಲ್ಲವರ ಮೆಚ್ಚಿಕೆಯನ್ನು ಪಡೆದಿತ್ತು. ಅಷ್ಟರಲ್ಲಿ ಸಿಪಾಯಿಗಳು ಇಬ್ಬರು ಹೆಂಗಸರ ಮಾನಭಂಗ ಮಾಡಿದರೆಂದು ಊರಿನ ಮಿತ್ರರಿಂದ ಕಾಗದಗಳು ಬಂದವು. ಅವರು ಅದನ್ನು ನಂಬಿ ಅಲ್ಲಿಯ ಪತ್ರಿಕೆಗೆ ಹೇಳಿದರು. ಜೂನ್ 22ರ ರಾತ್ರಿ ಪ್ಲೇಗಿನ ಅಧಿಕಾರಿ ರ‍್ಯಾಂಡನ ಮೇಲೆ ಗುಂಡು ಹಾರಿ ಸರ್ಕಾರ ಕೆರಳಿತ್ತು; ಅದು ಗೋಖಲೆಯವರ ಆಪಾದನೆಗೆ ಸಾಕ್ಷಿ ಎಲ್ಲಿ ಎಂದು ಕೇಳಿತು. ಊರಿಗೆ ಮರಳಿದ ಅವರಿಗೆ, ಬರೆದ ಮಿತ್ರರಲ್ಲಿ ಮುಂದೆ ಬಂದು ಸಾಕ್ಷಿ ನುಡಿಯುವವರು ಸಿಕ್ಕಲಿಲ್ಲ. ಅವರ ಹೆಸರುಗಳನ್ನು ಹೇಳಿ ತಾವು ಬಿಡಿಸಿಕೊಳ್ಳಬಹುದಾಗಿತ್ತು, ಹೇಳಲಿಲ್ಲ. ಆಗಸ್ಟಿನಲ್ಲಿ, ಯಾವ ಮರೆಯೂ ಯಾವ ನಿಬಂಧನೆಯೂ ಇಲ್ಲದ ಕ್ಷಮಾಪಣೆಯನ್ನು ಪ್ರಕಟಿಸಿದರು.

ಅದೇ ವರ್ಷದ ಜುಲೈ ತಿಂಗಳ ಕೊನೆಯಲ್ಲಿ ತಿಲಕರು ರಾಜದ್ರೋಹದ ಆಪಾದನೆಯ ಮೇಲೆ ಬಂಧಿತರಾಗಿದ್ದರು. ಕ್ಷಮೆ ಬೇಡಿದರೆ ಬಿಡುಗಡೆಯಾದೀತೆಂದು ಕಲ್ಕತ್ತೆಯ ಹಿತೈಷಿಗಳು ಸೂಚಿಸಿದಾಗ, ಜನರಲ್ಲಿ ತನಗಿರುವ ಸ್ಥಾನ ತನ್ನ ಶೀಲವೊಂದನ್ನೇ ನೆಚ್ಚಿಕೊಂಡಿರುವುದೆಂಬ ಅರ್ಥದ ಉತ್ತರವನ್ನು ಬರೆದು ಅದನ್ನು ನಿರಾಕರಿಸಿದರು. ಸೆಪ್ಟೆಂಬರಿನಲ್ಲಿ ಹದಿನೆಂಟು ತಿಂಗಳ ಶಿಕ್ಷೆಯಾಯಿತು. ಒಂದೇ ಊರಿನ ಇಬ್ಬರು, ಒಂದೇ ಪ್ಲೇಗು, ಹೆಚ್ಚುಕಡಮೆ ಒಂದೇ ತಿಂಗಳು. ಒಬ್ಬನು ಕ್ಷಮೆ ಕೇಳಿದನು, ಇನ್ನೊಬ್ಬನು ಕೇಳಲಿಲ್ಲ. ಜನದ ಕಣ್ಣಿಗೆ ಇದಕ್ಕಿಂತ ಸುಲಭವಾದ ತಕ್ಕಡಿ ಬೇಕೇ? ಗೋಖಲೆಯವರನ್ನು ಹೇಡಿಯೆಂದು ಹಾದಿಬೀದಿಯಲ್ಲಿ ಹಾಸ್ಯಮಾಡಿದರು. ತಿಲಕರ ಪಕ್ಷದ ಬರಹಗಾರರು ಈ ಹಾಸ್ಯಕ್ಕೆ ಸಾಣೆ ಹಿಡಿದರು. ನನಗೆ ಇದು ಅನ್ಯಾಯವೆಂದೇ ತೋರುತ್ತದೆ. ತಾನು ಬರೆದುದು ನಿಜವೆಂದು ನಂಬಿದವನು ಕ್ಷಮೆ ಕೇಳದಿರುವುದು ಧೈರ್ಯ. ತಾನು ಹೇಳಿದುದನ್ನು ಸಾಧಿಸಲಾರೆನೆಂದು ಕಂಡವನು ಮಿತ್ರರನ್ನು ಮರೆಮಾಡಿ ತಾನೊಬ್ಬನೇ ತಲೆ ಬಾಗುವುದು ಧೈರ್ಯವಲ್ಲವೆನ್ನುವವರು, ಅಂಥದನ್ನು ಒಮ್ಮೆ ಮಾಡಿನೋಡಬೇಕು. ಗೋಖಲೆಯವರು ಆಮೇಲೆ ಅದೇ ಊರಿನಲ್ಲಿ ಪ್ಲೇಗಿನ ಸೇವಾಕಾರ್ಯಕ್ಕೆ ಸೇರಿಕೊಂಡರು. ಹಾಸ್ಯಮಾಡಿದವರ ಮನೆಗಳನ್ನೂ ಹೊಗಬೇಕಾಗಿ ಬಂದಿದ್ದೀತು.

ಇನ್ನು ಕಾಂಗ್ರೆಸ್ಸು ಒಡೆದ ಸೂರತ್ತು. 1905ರಲ್ಲಿ ಗೋಖಲೆಯವರು ಕಾಶಿಯ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದರು. 1906ರಲ್ಲಿ ಕಲ್ಕತ್ತೆಯಲ್ಲಿ ವೃದ್ಧ ದಾದಾಭಾಯಿ ನವರೋಜಿಯವರ ಎದುರಿಗೆ ಸ್ವರಾಜ್ಯ, ಸ್ವದೇಶಿ, ಬಹಿಷ್ಕಾರ, ರಾಷ್ಟ್ರೀಯ ಶಿಕ್ಷಣ ಎಂಬ ನಾಲ್ಕು ನಿರ್ಣಯಗಳು ಹೇಗೋ ಅಂಗೀಕೃತವಾದುವು. ಮರುವರ್ಷದ ಅಧಿವೇಶನವು ನಾಗಪುರದಲ್ಲಿ ಆಗತಕ್ಕದ್ದಾಗಿದ್ದು, ಅಲ್ಲಿ ತಿಲಕರ ಕೈ ಮೇಲಾದೀತೆಂಬ ಭಯದಿಂದ ಫಿರೋಜ್‌ಷಾ ಮೆಹತಾರ ಪ್ರಭಾವವಿದ್ದ ಸೂರತ್ತಿಗೆ ಒಯ್ಯಲ್ಪಟ್ಟಿತು. ನಾಲ್ಕು ನಿರ್ಣಯಗಳನ್ನು ಗೋಖಲೆಯವರ ಪಕ್ಷದವರಾದ ಮಂದಗಾಮಿಗಳು ತೆಳುವಾಗಿಸುತ್ತಾರೆಂದು ತಿಲಕರ ಪಕ್ಷದವರಿಗೆ ಸಂಶಯ. ತಿಲಕರ ಕಡೆಯವರು ಸಭೆಯನ್ನೇ ಮುರಿಯಲು ಬಂದಿದ್ದಾರೆಂದು ಮಂದಗಾಮಿಗಳಿಗೆ ಸಂಶಯ. ಎರಡು ಸಂಶಯಗಳಲ್ಲಿಯೂ ಸತ್ಯಾಂಶವಿತ್ತು.

ಡಿಸೆಂಬರ್ 27ರ ಮಧ್ಯಾಹ್ನ ರಾಸಬಿಹಾರಿ ಘೋಷರು ಅಧ್ಯಕ್ಷಪೀಠವನ್ನೇರುವ ಹೊತ್ತಿಗೆ, ಮಾತನಾಡಲು ಅವಕಾಶ ಕೋರಿ ಮೊದಲೇ ಕಳುಹಿಸಿದ್ದ ಚೀಟಿಗೆ ಉತ್ತರ ಬಾರದುದರಿಂದ ತಿಲಕರು ತಾವೇ ವೇದಿಕೆಯನ್ನು ಹತ್ತಿ, ಎದೆಯ ಮೇಲೆ ಕೈಕಟ್ಟಿ ನಿಂತುಬಿಟ್ಟರು. ಇಳಿಯಿರೆಂದರೆ ಇಳಿಯಲಿಲ್ಲ. ಕೂಗು ಎದ್ದಿತು, ಕುರ್ಚಿಗಳು ಎದ್ದುವು, ಎಲ್ಲಿಂದಲೋ ಚೂಪುಮೂತಿಯ ಮರಾಠಿ ಜೋಡೊಂದು ಹಾರಿಬಂದು ಸುರೇಂದ್ರನಾಥ ಬ್ಯಾನರ್ಜಿಯವರಿಗೆ ತಗುಲಿ, ಮೆಹತಾರವರನ್ನೂ ಮುಟ್ಟಿತು. ಅದು ಯಾರಿಗೆ ಎಸೆದುದು ಎಂಬ ಬಗ್ಗೆ ಇಂದಿಗೂ ಎರಡು ಪಕ್ಷಗಳಿವೆ; ಸಾಲದೆಂಬಂತೆ ಎರಡೂ ಪಕ್ಷಗಳು ಜೋಡು ತಮ್ಮದಲ್ಲವೆನ್ನುತ್ತವೆ. ತಿಲಕರನ್ನು ಎಳೆದುಹಾಕಲೆಂದು ಮಂದಗಾಮಿಗಳ ಕಡೆಯ ತರುಣರು ವೇದಿಕೆಯ ಮೇಲೆ ಮುನ್ನುಗ್ಗಿದರು.

ಆ ಕ್ಷಣದಲ್ಲಿ ನಡೆದುದನ್ನು ಕಂಡು ಬರೆದಿಟ್ಟವನು ಹೆನ್ರಿ ನೆವಿನ್ಸನ್ ಎಂಬ ಇಂಗ್ಲಿಷ್ ಪತ್ರಕರ್ತ. ನಮ್ಮ ಯಾವ ಬಣಕ್ಕೂ ಸೇರದ ಪರದೇಶಸ್ಥ, ಆದುದರಿಂದ ನಂಬಬಹುದಾದ ಸಾಕ್ಷಿ. ನುಗ್ಗಿಬರುತ್ತಿದ್ದವರಿಗೂ ತಿಲಕರಿಗೂ ನಡುವೆ ಒಬ್ಬ ಮನುಷ್ಯನು ಬಂದು, ತನ್ನ ಹಳೆಯ ಎದುರಾಳಿಯ ಪಕ್ಕದಲ್ಲಿ ನಿಂತು, ಎರಡು ತೋಳುಗಳನ್ನೂ ಚಾಚಿ ಅವರನ್ನು ಮರೆಮಾಡಿದನು. ಅವನು ಗೋಖಲೆ.

ಈ ಚಿತ್ರವನ್ನು ಸ್ವಲ್ಪ ನಿಧಾನವಾಗಿ ನೋಡಬೇಕೆಂದು ನನ್ನ ಕೋರಿಕೆ. ಹದಿನೇಳು ವರ್ಷಗಳ ಕಾಲ ತನ್ನನ್ನು ಅವಮಾನಿಸಿದ ಪಕ್ಷದ ನಾಯಕ. ಅಂದು ತನ್ನವರು ನಡೆಸಬೇಕೆಂದಿದ್ದ ಸಭೆಯನ್ನು ಕೆಡಿಸುತ್ತಿರುವವನೂ ಅವನೇ. ಅವನು ಮಾಡುತ್ತಿರುವುದು ತಪ್ಪೆಂದು ಗೋಖಲೆಯವರಿಗೆ ಸಂದೇಹವಿರಲಿಲ್ಲ. ಮರುದಿನ ಮಂದಗಾಮಿಗಳು ಪ್ರತ್ಯೇಕವಾಗಿ ಸೇರಿ ತಮ್ಮ ಧ್ಯೇಯಸೂತ್ರವನ್ನು ಹೊಸೆದುಕೊಂಡಾಗ ಗೋಖಲೆಯವರು ಅವರೊಡನೆಯೇ ಇದ್ದರು; ಮುಂದಿನ ವರ್ಷ ಅಲಹಾಬಾದಿನಲ್ಲಿ ರಚಿತವಾದ ನಿಬಂಧನೆಗಳು ತಿಲಕರ ಪಕ್ಷಕ್ಕೆ ಬಾಗಿಲನ್ನು ಮುಚ್ಚಿದಾಗಲೂ ಅವರೊಡನೆಯೇ ಇದ್ದರು. ಚಾಚಿದ ತೋಳುಗಳು ರಾಜಕೀಯದಲ್ಲಿ ಏನನ್ನೂ ಬದಲಾಯಿಸಲಿಲ್ಲ. ಆ ಕಾರಣದಿಂದಲೇ ನನಗೆ ಅವು ಅಷ್ಟು ಬೆಲೆಯುಳ್ಳವಾಗಿ ತೋರುತ್ತವೆ: ಸಂಧಿಯ ಆಸೆಯಿಂದ ತೋರಿದ ಮರ್ಯಾದೆಯಲ್ಲಿ ವ್ಯಾಪಾರವಿರುತ್ತದೆ, ಇದರಲ್ಲಿ ಅದಿರಲಿಲ್ಲ.

1908ರಲ್ಲಿ ತಿಲಕರಿಗೆ ಆರು ವರ್ಷಗಳ ಗಡೀಪಾರಿನ ಶಿಕ್ಷೆಯಾಗಿ ಬರ್ಮಾದ ಮಂಡಾಲೆಗೆ ಒಯ್ಯಲ್ಪಟ್ಟಾಗ, ಗೋಖಲೆಯವರು ಲಂಡನ್ನಿನಲ್ಲಿದ್ದರೆಂಬುದಷ್ಟೇ ಆಧಾರವಾಗಿ, ಅವರೇ ಬ್ರಿಟಿಷ್ ಮಂತ್ರಿ ಮಾರ್ಲೆಯ ಕಿವಿಯೂದಿ ಇದನ್ನು ಮಾಡಿಸಿದರೆಂದು ಪುಣೆಯಲ್ಲಿ ಗುಲ್ಲೆದ್ದಿತು. ಅದನ್ನು ಅಚ್ಚುಹಾಕಿದ 'ಹಿಂದು ಪಂಚ್' ಎಂಬ ಪತ್ರಿಕೆಯ ಮೇಲೆ ಗೋಖಲೆಯವರು ಮಾನನಷ್ಟದ ದಾವೆ ಹೂಡಿ ಗೆದ್ದರು. ನ್ಯಾಯಾಲಯದಲ್ಲಿ ಗೆದ್ದುದು ಬೀದಿಯಲ್ಲಿ ಗೆದ್ದಂತಾಗಲಿಲ್ಲ. ತಿಲಕರಾದರೋ ಮಂಡಾಲೆಯಲ್ಲಿ ಪೆನ್ಸಿಲಿನಿಂದ 'ಗೀತಾರಹಸ್ಯ'ವನ್ನು ಬರೆದರು. ಅಲ್ಲಿರುವಾಗಲೇ 1912ರಲ್ಲಿ ಪತ್ನಿಯನ್ನು ಕಳೆದುಕೊಂಡರು. 1914ರ ಜೂನ್ 16ರ ನಡುರಾತ್ರಿ ಅವರನ್ನು ಪುಣೆಗೆ ತಂದು ಬಿಟ್ಟರು.

ಆ ಚಳಿಗಾಲದಲ್ಲಿ, ಒಡೆದ ಮನೆಯನ್ನು ಕೂಡಿಸಲು ಆನಿ ಬೆಸೆಂಟರೂ ಸುಬ್ಬರಾವ್ ಪಂತುಲು ಅವರೂ ಪುಣೆಗೆ ಬಂದು ಇಬ್ಬರ ಮನೆಗಳಿಗೂ ಎಡತಾಕಿದರು. ಸಾರ್ವಜನಿಕ ಸಭೆಗಳಿಂದ ಪ್ರತಿನಿಧಿಗಳನ್ನು ಆರಿಸಲು ಎಡೆಗೊಟ್ಟು ನಿಬಂಧನೆಯನ್ನು ಸಡಿಲಿಸಬಹುದೆಂದು ಗೋಖಲೆಯವರು ಮೊದಲು ಒಲಿದಿದ್ದರು. ಅನಂತರ ತಿಲಕರು ಸುಬ್ಬರಾಯರೊಡನೆ ತಮ್ಮ ಸಹಜವಾದ ನಿಷ್ಠುರತೆಯಿಂದ, ತಾವು ಒಳಗೆ ಬರುವುದು ಬಹುಮತವನ್ನು ಗಳಿಸಿ ಕಾಂಗ್ರೆಸ್ಸನ್ನು ತಮ್ಮ ದಾರಿಗೆ ತಿರುಗಿಸುವುದಕ್ಕೆಂದು ಹೇಳಿದುದನ್ನು ಕೇಳಿ, ಗೋಖಲೆಯವರು ಹಿಂದೆಗೆದರು. ಹಿಂದೆಗೆದುದಲ್ಲದೆ, ಮದರಾಸು ಅಧಿವೇಶನದ ಅಧ್ಯಕ್ಷರಾಗಲಿದ್ದ ಭೂಪೇಂದ್ರನಾಥ ಬಸುರವರಿಗೆ ಈ ಸಂಗತಿಯನ್ನು ಖಾಸಗಿ ಪತ್ರದಲ್ಲಿ ಬರೆದರು. ಅದರ ಸಾರ, ಸೋರಿ ಕೆಟ್ಟು, ತಿಲಕರು ಸರ್ಕಾರದ ಬಹಿಷ್ಕಾರವನ್ನು ಬಯಸುತ್ತಾರೆಂಬ ರೂಪದಲ್ಲಿ ಮದರಾಸಿನಲ್ಲಿ ಹರಡಿತು. ಸಂಧಿ ಮುರಿಯಿತು. ಪತ್ರವನ್ನು ಬಹಿರಂಗಪಡಿಸಬೇಕೆಂದು ತಿಲಕರು ಸವಾಲು ಹಾಕಿದರು, ಗೋಖಲೆಯವರು ಒಪ್ಪಲಿಲ್ಲ. ಗೋಖಲೆಯವರನ್ನು ನಾನು ಎಷ್ಟೇ ಗೌರವಿಸಿದರೂ, ಎದುರಾಳಿಯು ಮೂರನೆಯವರೊಡನೆ ಆಡಿದ ಮಾತನ್ನು ಅವನ ಬೆನ್ನ ಹಿಂದೆ ನಾಲ್ಕನೆಯವರಿಗೆ ಬರೆದುದು ಅವರಿಗೆ ತಕ್ಕುದಾಗಿತ್ತೆಂದು ಹೇಳಲಾರೆ. ಅವರು ಆಗ ಮಧುಮೇಹದಿಂದಲೂ ಹೃದ್ರೋಗದಿಂದಲೂ ಜರ್ಜರಿತರಾಗಿದ್ದರೆಂಬುದು ಕಾರಣವಾದೀತೇ ಹೊರತು ಸಮರ್ಥನೆಯಾಗದು.

'ಕೇಸರಿ' ಸುಮ್ಮನಿರುವ ಪತ್ರಿಕೆಯಲ್ಲ. 1915ರ ಫೆಬ್ರವರಿಯಲ್ಲಿ ಈ ವಿವಾದ ಕಾದು ಕೆಂಪಾಗಿತ್ತು. ಆ ಲೇಖನಗಳ ಮಸಿ ಆರುವ ಮುನ್ನ, ಫೆಬ್ರವರಿ 19ರ ರಾತ್ರಿ, ಗೋಖಲೆಯವರು ತೀರಿಕೊಂಡರು. ಅವರಿಗೆ ನಲವತ್ತೆಂಟು ವಯಸ್ಸು.

ತಿಲಕರು ಸಿಂಹಗಡದಲ್ಲಿದ್ದರು. ಸುದ್ದಿ ತಿಳಿದೊಡನೆ ಬೆಟ್ಟವಿಳಿದು ಬಂದರು. ಸ್ಮಶಾನದಲ್ಲಿ ಅವರು ಮಾತನಾಡಲು ಎದ್ದಾಗ, ನಮ್ಮ ಜನರ ಅಭ್ಯಾಸಬಲದಿಂದ ಕೈಚಪ್ಪಾಳೆಯಾಗುವ ಸಂಭವವಿತ್ತು. ಇದು ಚಪ್ಪಾಳೆಯ ವೇಳೆಯಲ್ಲ, ಕಣ್ಣೀರಿನ ವೇಳೆ ಎಂದು ಅವರು ಮೊದಲು ಗದರಿದರು. ಚಿತೆಯ ಮೇಲೆ ಮಲಗಿರುವವನನ್ನು ಭಾರತದ ವಜ್ರವೆಂದೂ, ಮಹಾರಾಷ್ಟ್ರದ ರತ್ನವೆಂದೂ, ಕಾರ್ಯಕರ್ತರಲ್ಲಿ ರಾಜನೆಂದೂ ಕರೆದು, ಇವನನ್ನು ನೋಡಿ ಇವನಂತಾಗಲು ಯತ್ನಿಸಿರೆಂದು ಸಭೆಗೆ ಹೇಳಿದರು. ಅನಂತರ 'ಕೇಸರಿ'ಯಲ್ಲಿ ಮರಣಲೇಖನವನ್ನೂ ಬರೆದರು. ಈ ಮಾತುಗಳಲ್ಲಿ ಗೋಖಲೆಯವರ ರಾಜಕೀಯ ಸರಿಯಾಗಿತ್ತೆಂಬ ಒಪ್ಪಿಗೆ ಒಂದಕ್ಷರದಷ್ಟೂ ಇಲ್ಲ. 'ಕಾರ್ಯಕರ್ತ' ಎಂಬ ಪದವನ್ನು ಗಮನಿಸಬೇಕು. ಎಪ್ಪತ್ತೈದು ರೂಪಾಯಿಗೆ ಇಪ್ಪತ್ತು ವರ್ಷ ದುಡಿಯುವ ಮಾತುಕೊಟ್ಟವನನ್ನು, ಆ ಮಾತುಕೊಟ್ಟ ಮನೆಯನ್ನು ಕಟ್ಟಿದವನು ಕರೆದ ಹೆಸರು ಅದು.

ತಿಲಕರು ಬೆಟ್ಟವಿಳಿದು ಬಂದುದು ಲೋಕಾಪವಾದಕ್ಕೆ ಹೆದರಿ ಎಂದವರೂ ಉಂಟು. ಲೋಕಾಪವಾದಕ್ಕೆ ಹೆದರುವ ಪ್ರಕೃತಿ ಅವರದಾಗಿದ್ದರೆ ಮಂಡಾಲೆಯನ್ನು ಕಾಣುತ್ತಿರಲಿಲ್ಲ.

ಇದಾದಮೇಲೆ ಅವರು ಗೋಖಲೆಯವರ ಪಕ್ಷಕ್ಕೆ ಕರುಣೆ ತೋರಲಿಲ್ಲವೆಂಬುದನ್ನೂ ಹೇಳಬೇಕು. ಆ ವರ್ಷದ ನವೆಂಬರಿನಲ್ಲಿ ಮೆಹತಾರವರೂ ತೀರಿಕೊಂಡರು. ಡಿಸೆಂಬರಿನ ಮುಂಬಯಿ ಕಾಂಗ್ರೆಸ್ಸು, ಹಿಂದಿನ ವರ್ಷ ಗೋಖಲೆಯವರು ತಡೆದಿದ್ದ ಆ ತಿದ್ದುಪಡಿಯನ್ನೇ ಅಂಗೀಕರಿಸಿತು. 1916ರ ಏಪ್ರಿಲ್ ತಿಂಗಳ ಕೊನೆಯಲ್ಲಿ ನಮ್ಮ ಬೆಳಗಾವಿಯಲ್ಲಿ ಮುಂಬಯಿ ಪ್ರಾಂತಿಕ ಪರಿಷತ್ತು ಸೇರಿದಾಗ, ಕಾಂಗ್ರೆಸ್ಸನ್ನು ಮತ್ತೆ ಹೊಗುವುದೆಂದು ತಿಲಕರ ರಾಷ್ಟ್ರೀಯ ಪಕ್ಷದವರು ನಿಶ್ಚಯಿಸಿದರು. ಅಲ್ಲಿಯೇ ಏಪ್ರಿಲ್ 28ರಂದು ತಿಲಕರ ಹೋಂ ರೂಲ್ ಲೀಗು ಹುಟ್ಟಿತು. ಮೇ 1ರಂದು ಅದೇ ಊರಿನಲ್ಲಿ ಮಾಡಿದ ಭಾಷಣವೂ ಅವರ ಮೇಲೆ ಸರ್ಕಾರ ಹೂಡಿದ ಹೊಸ ಮೊಕದ್ದಮೆಗೆ ಆಧಾರವಾಯಿತು. ವರ್ಷಾಂತ್ಯಕ್ಕೆ ಲಖನೌದಲ್ಲಿ, ಮಂದಗಾಮಿಯಾದ ಅಂಬಿಕಾಚರಣ ಮಜುಂದಾರರ ಅಧ್ಯಕ್ಷತೆಯಲ್ಲಿ, ತಿಲಕರು ಒಂಬತ್ತು ವರ್ಷಗಳ ಬಳಿಕ ಕಾಂಗ್ರೆಸ್ಸಿನ ವೇದಿಕೆಯನ್ನು ಹತ್ತಿದರು. ಅವರನ್ನು ಒಳಗೆ ಬಿಟ್ಟರೆ ಸಂಸ್ಥೆಯನ್ನು ವಶಪಡಿಸಿಕೊಳ್ಳುವರೆಂದು ಗೋಖಲೆಯವರು ಬರೆದಿದ್ದುದು, ಹಾಗೆ ನೋಡಿದರೆ, ನಿಜವೇ ಆಯಿತು.

ಕನ್ನಡ ನಾಡೂ ಇವರಿಬ್ಬರನ್ನು ಪಾಲುಮಾಡಿಕೊಂಡಿತೆಂಬುದು ಒಂದು ಸ್ವಾರಸ್ಯ. ಬೆಳಗಾವಿಯ ಗಂಗಾಧರರಾವ್ ದೇಶಪಾಂಡೆಯವರು ತಿಲಕರ ಅನುಯಾಯಿ. 'ಗೀತಾರಹಸ್ಯ'ವನ್ನು ಕನ್ನಡಕ್ಕೆ ತಂದವರು ಆಲೂರು ವೆಂಕಟರಾಯರು. ಇತ್ತ ಮೈಸೂರು ಸೀಮೆಯಲ್ಲಿ ಗೋಖಲೆಯವರ ಹೆಸರನ್ನು ನೆಲೆನಿಲ್ಲಿಸಿದವರು ಡಿ.ವಿ. ಗುಂಡಪ್ಪನವರು, ಆ ಹೆಸರಿನ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಅವರು 1945ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದರು. ಗೋಖಲೆಯವರು ತೀರಿಕೊಂಡ ಮೂರನೆಯ ತಿಂಗಳಲ್ಲಿ, 1915ರ ಮೇ 8ರಂದು, ಗಾಂಧಿಯವರು ಮೊತ್ತಮೊದಲು ಬೆಂಗಳೂರಿಗೆ ಬಂದುದು ಗೋಖಲೆಯವರ ಭಾವಚಿತ್ರವನ್ನು ಅನಾವರಣಮಾಡುವುದಕ್ಕಾಗಿ. ಮುಂದಿನ ವರ್ಷ ತಿಲಕರ ಬೆಳಗಾವಿಯ ಪರಿಷತ್ತಿನಲ್ಲಿಯೂ ಅವರಿದ್ದರು. ನನ್ನ ತಂದೆಯವರ ಮನೆಯ ಪಡಸಾಲೆಯಲ್ಲಿ ಪಗಡಿಯ ತಿಲಕರ ಪಟವೊಂದಿತ್ತು. ಬೆಂಗಳೂರಿಗೆ ಓದಲು ಬಂದು ಗೋಖಲೆಯವರ ಭಾಷಣಗಳನ್ನು ಮೆಚ್ಚಿದ ನಾನು, ರಜೆಗೆ ಊರಿಗೆ ಹೋದಾಗ ಆ ಪಟದ ಪಕ್ಕದಲ್ಲಿ ಇನ್ನೊಂದನ್ನು ತೂಗುಹಾಕಿದೆ. ತಂದೆಯವರು ಎರಡು ದಿನ ಏನೂ ಹೇಳಲಿಲ್ಲ; ಮೂರನೆಯ ದಿನ, ಮೊಳೆ ಸಡಿಲವಾಗಿದೆ, ಬಿದ್ದು ಒಡೆದೀತು, ಸರಿಯಾಗಿ ಹೊಡೆ ಎಂದರು.

ಪುಣೆಗೆ ಹೋಗುವವರಲ್ಲಿ ನನ್ನದೊಂದು ವಿಜ್ಞಾಪನೆಯುಂಟು. ನಾರಾಯಣ ಪೇಟೆಯಲ್ಲಿ ತಿಲಕರ ಕೇಸರಿವಾಡೆಯನ್ನು ನೋಡಿ ಹಿಂತಿರುಗುವವರು ಬಹಳ. ಫರ್ಗ್ಯುಸನ್ ಕಾಲೇಜನ್ನೂ, ಅದರ ಹಿಂದಣ ಗುಡ್ಡದ ಮೇಲೆ 1905ರ ಜೂನ್ 12ರಂದು ಗೋಖಲೆಯವರು ಭಾರತ ಸೇವಕ ಸಮಾಜವನ್ನು ಆರಂಭಿಸಿದ ಸ್ಥಳವನ್ನೂ ನೋಡಿ ಹಿಂತಿರುಗುವ ಕೆಲವರೂ ಉಂಟು. ಎರಡನ್ನೂ ಒಂದೇ ದಿನ ನೋಡಿರಿ. ನಡುವೆ ಇರುವುದು ಮುಠಾ ನದಿಯೊಂದೇ. ಸೇತುವೆ ದಾಟಿ ನಡೆದೇ ಹೋಗಬಹುದು. ಬೇಸಗೆಯಾದರೆ ಬೆಳಿಗ್ಗೆ ಬೇಗ ಹೊರಡುವುದು ಒಳ್ಳೆಯದು.